‘ಸರ್ವರ್ ಇಲ್ಲ’ ಅಂದರೆ ಯಾರು ಇಲ್ಲ? ಶಾನುಭೋಗರ ದಫ್ತರದಿಂದ ಹಿನ್ನೆಲೆ ಸರ್ವಿಸ್‌ವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಎಲ್ಲರ ಬಾಯಲ್ಲೂ ಇರುವ ಮಾತು ‘ಸರ್ವರ್ ಇಲ್ಲ’. ಪಹಣಿ ತರಲು ಹೋದರೆ ಸರ್ವರ್ ಇಲ್ಲ. ರೇಶನ್ ಅಂಗಡಿಯಲ್ಲಿ ಬೆರಳು ಒತ್ತಿದರೆ ಸರ್ವರ್ ಇಲ್ಲ. ಮಕ್ಕಳ ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೂ ಅದೇ ಉತ್ತರ. ಹಿಂದೆ ‘ಸಾಹೇಬ್ರು ಇಲ್ಲ, ನಾಳೆ ಬನ್ನಿ’ ಎನ್ನುತ್ತಿದ್ದರು. ಸಾಹೇಬರ ಜಾಗಕ್ಕೆ ಸರ್ವರ್ ಬಂದಿದೆ, ‘ನಾಳೆ ಬನ್ನಿ’ ಹಾಗೆಯೇ ಉಳಿದಿದೆ.

ಸಾಹೇಬರು ಇಲ್ಲ ಎಂದರೆ ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಕೇಳಬಹುದಿತ್ತು. ಸರ್ವರ್ ಇಲ್ಲ ಎಂದರೆ ಏನು ಕೇಳಬೇಕು ಎಂಬುದೇ ನಮಗೆ ಗೊತ್ತಿಲ್ಲ. ಮಳೆ ಬಂದು ಬಸ್ಸು ತಪ್ಪಿದ ಹಾಗೆ, ಇದೂ ಯಾರ ಕೈಯಲ್ಲೂ ಇಲ್ಲದ್ದು ಎಂದುಕೊಂಡು ಮನೆಗೆ ಬರುತ್ತೇವೆ.

ಆದರೆ ಸರ್ವರ್ ಮಳೆಯಲ್ಲ. ಅದರೊಳಗೆ ಹಗಲು-ರಾತ್ರಿ ಹತ್ತಾರು ಸಣ್ಣ ಕೆಲಸಗಾರರು ಓಡುತ್ತಿರುತ್ತಾರೆ. ಕಂಪ್ಯೂಟರಿನವರು ಅವಕ್ಕೆ ‘ಬ್ಯಾಕ್‌ಗ್ರೌಂಡ್ ಸರ್ವಿಸ್’ ಎನ್ನುತ್ತಾರೆ. ನಾವು ಹಿನ್ನೆಲೆ ಸರ್ವಿಸ್ ಎನ್ನೋಣ. ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾರ ಹೆಸರಿನಲ್ಲಿ ನಡೆಯಬೇಕು, ನಿಂತರೆ ಯಾರಿಗೆ ತಿಳಿಯಬೇಕು ಎಂದು ಮನುಷ್ಯರೇ ಕೂತು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನಗಳ ಮೇಲೆ ನಮ್ಮ ಸಾಲ, ಬೆಳೆ ವಿಮೆ, ಜಮೀನಿನ ಹೆಸರು ನಿಂತಿದೆ. ಅದಕ್ಕೇ ಈ ಸಲ ಇದರ ಚರಿತ್ರೆ ಬರೆಯುತ್ತಿದ್ದೇವೆ. ಕಥೆ ಶುರುವಾಗುವುದು ಕಂಪ್ಯೂಟರಿನಿಂದಲ್ಲ, ಶಾನುಭೋಗರ ದಫ್ತರದಿಂದ.

ದಫ್ತರದ ಕಾಲ

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಪ್ರದೇಶ ಕಂಪನಿ ಸರ್ಕಾರದ ಕೈಗೆ ಹೋಯಿತು. ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರ್ ಆಗಿ ಬಂದ. ಮುಂದೆ ಕೆನರಾ ಎರಡು ಭಾಗವಾಯಿತು. 1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬರುವ ತನಕ ನಮ್ಮ ಘಟ್ಟದ ಮೇಲಿನ ತಾಲೂಕುಗಳ ಕಂದಾಯದ ಲೆಕ್ಕ ಮುಂಬೈ ಕಾನೂನಿನಂತೆ ನಡೆಯಿತು.

ಕಾನೂನು ಎಲ್ಲಿಯದೇ ಇರಲಿ, ಊರಿನಲ್ಲಿ ಲೆಕ್ಕ ಬರೆಯುವವರು ಶಾನುಭೋಗರು. ಯಾವ ಸರ್ವೆ ನಂಬರು ಯಾರದು, ಎಷ್ಟು ತೋಟ, ಎಷ್ಟು ಗದ್ದೆ, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಯಾವುದು, ಯಾರು ಕಂದಾಯ ಕಟ್ಟಿದರು, ಯಾರದು ಬಾಕಿ, ಎಲ್ಲವೂ ಅವರ ದಫ್ತರದಲ್ಲಿ. 1903ರಲ್ಲಿ ಮುಂಬೈ ಸರ್ಕಾರ ಹಕ್ಕು ದಾಖಲೆಯ ಕಾನೂನು ತಂದ ಮೇಲೆ, ಜಮೀನು ಕೈ ಬದಲಾದರೆ ಅದನ್ನೂ ಬರೆಯಬೇಕಾಯಿತು.

ಊರಿನವರ ಕಣ್ಣಿಗೆ ಕಾಣುವುದು ಕಂದಾಯ ಕಟ್ಟುವ ದಿನ ಮಾತ್ರ. ಉಳಿದ ದಿನಗಳಲ್ಲಿ ಶಾನುಭೋಗರು ದೀಪ ಹಚ್ಚಿಕೊಂಡು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಲೆಕ್ಕ ಇಳಿಸುತ್ತಿದ್ದರು. ಈ ಕಾಣದ ಕೆಲಸ ನಿಂತರೆ ಕಾಣುವ ಕೆಲಸವೂ ನಿಲ್ಲುತ್ತಿತ್ತು. ಇಳಿಸುವಾಗ ಒಂದು ಸಾಲು ಬಿಟ್ಟರೆ ಒಬ್ಬ ರೈತನ ಹೆಸರೇ ಹೋಗುತ್ತಿತ್ತು. ಬೇಕೆಂದು ಬಿಟ್ಟರೂ ಗೊತ್ತಾಗುತ್ತಿರಲಿಲ್ಲ.

ಪುಸ್ತಕದ ಒಂದು ಸಾಲಿಗೆ ಎಷ್ಟು ಬೆಲೆ ಎಂಬುದನ್ನು ನಮ್ಮ ತಾಲೂಕುಗಳು ಎರಡು ಸಲ ಕಂಡಿವೆ.

ಮೊದಲನೆಯದು ಕರನಿರಾಕರಣೆ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ಭಾಗದ ರೈತರು ಬ್ರಿಟಿಷರಿಗೆ ಕಂದಾಯ ಕಟ್ಟುವುದಿಲ್ಲ ಎಂದರು. ಸರ್ಕಾರ ಅವರ ಜಮೀನು ಮುಟ್ಟುಗೋಲು ಹಾಕಿತು. ಉಳುಮೆ ಮಾಡಿದವರ ಹೆಸರು ಪುಸ್ತಕದಿಂದ ಹೋಯಿತು. ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹಕ್ಕೆ ಕೂತರು. 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಮರಳಿಸುವ ಕೆಲಸ ನಡೆಯಿತು. ಮರಳಿಸುವುದು ಎಂದರೆ ಹೆಸರನ್ನು ಮತ್ತೆ ಬರೆಯುವುದು.

ಎರಡನೆಯದು ಗೇಣಿ ಕಾಯ್ದೆ. 1974ರ ಭೂಸುಧಾರಣೆಯ ನಂತರ ಗೇಣಿದಾರರು ‘ಫಾರಂ ನಂಬರ್ 7’ ತುಂಬಿ ಅರ್ಜಿ ಹಾಕಬೇಕಿತ್ತು. ಅದಕ್ಕೆ ಕೊನೆಯ ದಿನ ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರೊಳಗೆ ಅರ್ಜಿ ಹಾಕಿದವರಿಗೆ ಟ್ರಿಬ್ಯೂನಲ್ ಮುಂದೆ ಮಾತಾಡುವ ದಾರಿ ಸಿಕ್ಕಿತು. ಅರ್ಜಿ ಹಾಕದವರು, ಹಾಕಿದ್ದಕ್ಕೆ ಕಾಗದ ಇಟ್ಟುಕೊಳ್ಳದವರು ಕಷ್ಟಕ್ಕೆ ಬಿದ್ದರು. ಕೊನೆಯ ದಿನ ಮತ್ತು ಸ್ವೀಕೃತಿ, ಈ ಎರಡು ಮಾತು ನೆನಪಿರಲಿ. ಮುಂದೆ ಮತ್ತೆ ಬರುತ್ತವೆ.

ಇದರ ನಡುವೆ ಶಾನುಭೋಗಿಕೆ ಹೋಯಿತು. ಮೈಸೂರು ರಾಜ್ಯದ 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ದಫ್ತರ ಮನೆಯಿಂದ ಕಚೇರಿಗೆ ಬಂತು. ಆದರೂ ಪುಸ್ತಕ ಒಂದೇ, ಅದು ಒಬ್ಬರ ಕೈಯಲ್ಲೇ ಇತ್ತು.

ಭೂಮಿ ಬಂದಾಗ

ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಶುರುವಾಯಿತು. ಅದು ಬೇಗ ಮುಂದೆ ಹೋಗಲಿಲ್ಲ. ಕೈಪುಸ್ತಕದಲ್ಲಿ ದಿನಾ ತಿದ್ದುಪಡಿ ಆಗುತ್ತಿತ್ತು, ಕಂಪ್ಯೂಟರಿನಲ್ಲಿ ಆಗುತ್ತಿರಲಿಲ್ಲ. ಎಂಟ್ರಿ ಮುಗಿಯುವುದರೊಳಗೆ ದಾಖಲೆ ಹಳೆಯದಾಗುತ್ತಿತ್ತು.

ನಂತರ ಬಂದದ್ದು ‘ಭೂಮಿ’ ಯೋಜನೆ. ಕಂದಾಯ ಇಲಾಖೆಗೆ ಬೆಂಗಳೂರಿನ ಎನ್‌ಐಸಿ ತಂತ್ರಾಂಶ ಬರೆದುಕೊಟ್ಟಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹಿಂದೆ ನಿಂತು ಕೆಲಸ ಮಾಡಿಸಿದರು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆಯಿತು. 2002ರ ಹೊತ್ತಿಗೆ 177 ತಾಲೂಕು ಕೇಂದ್ರಗಳಲ್ಲಿ ಭೂಮಿ ಕೇಂದ್ರ ತೆರೆದಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಪಹಣಿಗೆ 15 ರೂಪಾಯಿ. ಭೂಮಿ ಶುರುವಾದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲದಂತಾಯಿತು. ಎರಡು ಪುಸ್ತಕ ಇಟ್ಟರೆ ಎರಡೂ ಹಾಳಾಗುತ್ತವೆ ಎಂಬ ಹಳೆಯ ಪಾಠ ಇಲ್ಲಿ ಕೆಲಸಕ್ಕೆ ಬಂತು.

ಭೂಮಿಯಲ್ಲಿ ಮೂರು ಒಳ್ಳೆಯ ತೀರ್ಮಾನಗಳಿದ್ದವು. ಒಂದು, ನೌಕರರು ಪಾಸ್‌ವರ್ಡ್ ಜೊತೆಗೆ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ತಿದ್ದಿದರು ಎಂಬುದು ದಾಖಲಾಗುತ್ತದೆ, ‘ನಾನಲ್ಲ’ ಎನ್ನುವಂತಿಲ್ಲ. ಎರಡು, ಹೆಸರು ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು. ಹಿಂದಿನದನ್ನು ಮುಗಿಸದೆ ಮುಂದಿನದನ್ನು ತೆಗೆಯುವಂತಿಲ್ಲ. ಮೂರು, ಕಿಟಕಿಯ ಬಳಿ ನಿಂತ ರೈತನಿಗೂ ಕಾಣುವಂತೆ ಇನ್ನೊಂದು ಪರದೆ.

ಮೂರನೆಯದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಶಾನುಭೋಗರ ಪುಸ್ತಕವನ್ನು ಇಣುಕಿ ನೋಡುವ ಧೈರ್ಯ ಎಷ್ಟು ಜನರಿಗಿತ್ತು? ಪರದೆ ನಮ್ಮ ಕಡೆ ತಿರುಗಿದ್ದೇ ಒಂದು ಬದಲಾವಣೆ.

ಆದರೆ ಪರದೆಯಲ್ಲಿ ಕಾಣದ ಭಾಗವೂ ಅವತ್ತೇ ಹುಟ್ಟಿತು. ತಾಲೂಕು ಕಚೇರಿಯ ಒಂದು ಕೋಣೆಯಲ್ಲಿ ಸರ್ವರ್ ಕೂತಿತು, ಪಕ್ಕದಲ್ಲಿ ಯುಪಿಎಸ್. ಶಾನುಭೋಗರು ದೀಪದ ಬೆಳಕಿನಲ್ಲಿ ಮಾಡುತ್ತಿದ್ದ ಕೆಲಸ ಅದರೊಳಗೆ ಹೋಯಿತು.

ಸರ್ವಿಸ್ ಅಂದರೆ ಏನು?

ನಮ್ಮ ಕಡೆಯ ಮನೆಗಳಿಗೆ ಅಬ್ಬಿ ನೀರು ಬರುವುದು ನಿಮಗೆ ಗೊತ್ತೇ ಇದೆ. ಮೇಲಿನ ಗುಡ್ಡದ ಒರತೆಗೆ ಪೈಪು ಇಟ್ಟಿರುತ್ತಾರೆ. ಹಿಂದೆ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರು. ಸ್ವಿಚ್ ಹಾಕಬೇಕಿಲ್ಲ, ಪಂಪು ಬೇಕಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿದ್ದರೂ ನೀರು ತೊಟ್ಟಿಗೆ ಬೀಳುತ್ತಲೇ ಇರುತ್ತದೆ. ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಪೈಪಿನ ಬಾಯಿಗೆ ಎಲೆ ಕೂತು ನೀರು ನಿಂತಾಗಲೇ ನೆನಪಾಗುವುದು.

ಹಿನ್ನೆಲೆ ಸರ್ವಿಸ್ ಹೀಗೆಯೇ. ಮೊಬೈಲಿನ ಆ್ಯಪ್ ನೀವು ತೆರೆದಾಗ ಓಡುತ್ತದೆ. ಸರ್ವರಿನ ಸರ್ವಿಸ್ ಯಾರೂ ತೆರೆಯದೆ, ಯಂತ್ರ ಚಾಲೂ ಆದಾಗಲೇ ಶುರುವಾಗಿ ಓಡುತ್ತಿರುತ್ತದೆ. ಒಂದು ಸರ್ವಿಸ್ ದಾಖಲೆಗಳನ್ನು ಕಾಯುತ್ತದೆ. ಒಂದು ಬೆರಳಚ್ಚು ತಾಳೆ ನೋಡುತ್ತದೆ. ಒಂದು ರಾತ್ರಿ ಎಲ್ಲದರ ನಕಲು ತೆಗೆಯುತ್ತದೆ. ಒಂದು ಎಸ್‌ಎಂಎಸ್ ಕಳಿಸುತ್ತದೆ. ಪ್ರಿಂಟರಿನ ಸರದಿ ನೋಡುವುದಕ್ಕೂ ಒಂದು ಸರ್ವಿಸ್ ಇದೆ, ಅದರ ಹೆಸರು ಸ್ಪೂಲರ್. ಒಂದು ಹಾಳೆಯ ಕೆಲಸ ಅಲ್ಲಿ ಸಿಕ್ಕಿಕೊಂಡರೆ ಹಿಂದಿನ ಇಪ್ಪತ್ತು ಪಹಣಿಯೂ ನಿಲ್ಲುತ್ತದೆ. ಕಿಟಕಿಯಲ್ಲಿ ನಿಂತ ನಮಗೆ ಇದೂ ‘ಸರ್ವರ್ ಇಲ್ಲ’ ಎಂದೇ ಕೇಳಿಸುತ್ತದೆ. ಸರ್ವರಿಗೆ ಏನೂ ಆಗಿರುವುದಿಲ್ಲ.

ಸರ್ವಿಸ್ ಹೂಡುವಾಗ ಕೆಲವು ವಿಷಯ ತೀರ್ಮಾನ ಮಾಡಲೇಬೇಕು.

ಮೊದಲನೆಯದು, ಯಾರ ಹೆಸರಿನಲ್ಲಿ ಓಡಬೇಕು. ಪ್ರತಿ ಸರ್ವಿಸ್‌ಗೂ ಒಂದು ಖಾತೆ ಬೇಕು. ಅದಕ್ಕೆಂದೇ ಪ್ರತ್ಯೇಕ ಖಾತೆ ಮಾಡಿ, ಆ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟೇ ಕೊಡುವುದು ಸರಿಯಾದ ದಾರಿ. ಅವಸರದಲ್ಲಿ ಒಬ್ಬ ನೌಕರರ ಖಾತೆಯಲ್ಲೇ ಓಡಿಸಿದರೆ, ಅವರು ವರ್ಗವಾಗಿ ಖಾತೆ ಮುಚ್ಚಿದ ದಿನ ಸರ್ವಿಸ್ ನಿಲ್ಲುತ್ತದೆ. ಪಾಸ್‌ವರ್ಡ್ ಅವಧಿ ಮುಗಿದರೂ ನಿಲ್ಲುತ್ತದೆ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟ ಹಾಗೆ.

ಎರಡನೆಯದು, ಯಾವುದರ ನಂತರ ಯಾವುದು. ದಾಖಲೆ ಕಾಯುವ ಸರ್ವಿಸ್ ಏಳುವ ಮೊದಲೇ ಪಹಣಿ ಕೊಡುವ ಸರ್ವಿಸ್ ಎದ್ದರೆ, ಅದು ದಾಖಲೆ ಹುಡುಕಿ ಸಿಗದೆ ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಇದು ಆಗುತ್ತದೆ. ಯಂತ್ರದ ದೀಪ ಉರಿಯುತ್ತಿರುತ್ತದೆ, ಕೆಲಸ ಮಾತ್ರ ಇಲ್ಲ.

ಮೂರನೆಯದು, ಯಾವ ಹೊತ್ತಿಗೆ. ರಾತ್ರಿ ಮಾಡಬೇಕಾದ ನಕಲಿನ ಕೆಲಸವನ್ನು ಬೆಳಿಗ್ಗೆ 11 ಗಂಟೆಗೆ ಇಟ್ಟರೆ ಕಿಟಕಿ ನಿಧಾನವಾಗುತ್ತದೆ. ಇನ್ನೊಂದು ತಮಾಷೆ ಇದೆ. ಅನೇಕ ಸರ್ವರುಗಳ ಗಡಿಯಾರ ಲಂಡನ್ನಿನ ಗ್ರೀನಿಚ್ ಸಮಯದಲ್ಲಿರುತ್ತದೆ. ಅದರ ಮಧ್ಯರಾತ್ರಿ ನಮಗೆ ಬೆಳಗಿನ ಐದೂವರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ದಿನ ಎಣಿಸುವ ಕೆಲಸ ಕೊಟ್ಟರೆ ತಾರೀಕು ತಪ್ಪುತ್ತದೆ.

ನಾಲ್ಕನೆಯದು, ನಿಂತರೆ ಏನು. ಒಂದು ಸಲ ಬಿದ್ದರೆ ತಾನೇ ಮತ್ತೆ ಏಳಲಿ, ಎರಡನೇ ಸಲವೂ ಏಳಲಿ, ಮೂರನೇ ಸಲ ಬಿದ್ದರೆ ಒಬ್ಬ ಮನುಷ್ಯರಿಗೆ ಸುದ್ದಿ ಹೋಗಲಿ ಎಂದು ಇಡಬಹುದು. ಸುದ್ದಿ ಹೋಗುವ ನಂಬರು ಯಾರದು ಎಂಬುದೇ ಇಲ್ಲಿ ಮುಖ್ಯ. ಯಾರದೂ ಇಲ್ಲದಿದ್ದರೆ, ಮೊದಲು ಗೊತ್ತಾಗುವುದು ಬಸ್ಸಿನಲ್ಲಿ ಬಂದು ಸರದಿಯಲ್ಲಿ ನಿಂತ ರೈತನಿಗೆ.

ಇವೆಲ್ಲ ತಂತ್ರಜ್ಞರ ಕೆಲಸವೇ. ಆದರೆ ತಪ್ಪಿದರೆ ನಷ್ಟ ಯಾರಿಗೆ ಎಂದು ನೋಡಿದರೆ, ಇದು ಶಾನುಭೋಗರು ಒಂದು ಸಾಲು ಬಿಟ್ಟ ಕಾಲದ ಪ್ರಶ್ನೆಯೇ.

ಕೋಣೆಯಿಂದ ಬೆಂಗಳೂರಿಗೆ

ತಾಲೂಕು ಕಚೇರಿಯ ಕೋಣೆಯಲ್ಲಿದ್ದ ದಾಖಲೆ ಹೆಚ್ಚು ವರ್ಷ ಅಲ್ಲಿ ಉಳಿಯಲಿಲ್ಲ. ರಾಜ್ಯದ ಜಾಲ ಬೆಳೆದಂತೆ ಎಲ್ಲ ತಾಲೂಕುಗಳ ದಾಖಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. 2006ರ ಸುಮಾರಿಗೆ ಹೋಬಳಿಗಳಲ್ಲಿ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ಬಂದವು. 2012ರ ಕೊನೆಗೆ ಆ ಜಾಗದಲ್ಲಿ ಸರ್ಕಾರವೇ ನಡೆಸುವ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು. ನಾವು ನಾಡಕಚೇರಿ ಎನ್ನುವುದು ಇದಕ್ಕೇ.

ಇದರಿಂದ ಲಾಭವಾಯಿತು. ಬನವಾಸಿ, ಹುಲೇಕಲ್, ಮಂಚಿಕೇರಿ ಕಡೆಯವರು ಪ್ರತಿ ಕಾಗದಕ್ಕೂ ತಾಲೂಕು ಕೇಂದ್ರಕ್ಕೆ ಬಸ್ಸು ಹತ್ತುವುದು ತಪ್ಪಿತು. ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು. ದಾಖಲೆಯ ನಕಲು ಸುರಕ್ಷಿತವಾಯಿತು.

ಬೆಲೆಯೂ ತೆತ್ತೆವು. ಹಿಂದೆ ಯಂತ್ರ ಕೆಟ್ಟರೆ ತಾಲೂಕು ಕಚೇರಿಯವರು ಎದ್ದು ಹೋಗಿ ನೋಡಬಹುದಿತ್ತು. ಈಗ ಅವರಿಗೂ ಕಾಣುವುದು ಪರದೆಯ ಮೇಲೆ ಸುತ್ತುವ ಚಕ್ರ ಮಾತ್ರ. ನಡುವೆ ಘಟ್ಟ, ಕಾಡು, ಮಳೆ, ಕೇಬಲ್ಲು. ಕೆಟ್ಟಿದ್ದು ನೆಟ್ಟೋ, ಸರ್ವರೋ, ಒಂದು ಸರ್ವಿಸ್ಸೋ ಎಂದು ಅವರಿಗೂ ಗೊತ್ತಿರುವುದಿಲ್ಲ. ಅವರು ‘ಸರ್ವರ್ ಇಲ್ಲ’ ಎನ್ನುವಾಗ ಬಹಳ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಅವರೂ ನಮ್ಮ ಜೊತೆಗೇ ಸರದಿಯಲ್ಲಿ ನಿಂತಿರುತ್ತಾರೆ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಬೇರೆಬೇರೆ ಇಲಾಖೆಯ ಸರ್ವರುಗಳು ಒಂದಕ್ಕೊಂದು ಮಾತಾಡಲು ಶುರು ಮಾಡಿದವು. ಉಪ ನೋಂದಣಿ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾದರೆ, ‘ಜೆ’ ಚೀಟಿ ಕಂಪ್ಯೂಟರಿನಲ್ಲೇ ಕಾವೇರಿ ತಂತ್ರಾಂಶದಿಂದ ಭೂಮಿಗೆ ಹೋಗಿ ಹೆಸರು ಬದಲಾವಣೆ ಶುರುವಾಗುತ್ತದೆ. ಭೂಮಿಯ ಮಾಹಿತಿ ರೈತರ ‘ಫ್ರೂಟ್ಸ್’ ಗುರುತಿನ ಸಂಖ್ಯೆಗೆ ಕೂಡುತ್ತದೆ. ಬೆಳೆ ವಿಮೆಗೆ ‘ಸಂರಕ್ಷಣೆ’, ಬೆಳೆ ನಷ್ಟಕ್ಕೆ ‘ಪರಿಹಾರ’ ತಂತ್ರಾಂಶ. ಇವುಗಳ ನಡುವೆ ಕಾಗದ ಹೊತ್ತು ಓಡುವ ಜವಾನರೂ ಹಿನ್ನೆಲೆ ಸರ್ವಿಸ್‌ಗಳೇ. ಒಂದು ಕಡೆ ಹೆಸರಿನ ಕಾಗುಣಿತ ಬೇರೆ ಇದ್ದರೆ, ಆಧಾರ್ ತಾಳೆಯಾಗದಿದ್ದರೆ, ಜವಾನ ಕಾಗದವನ್ನು ದಾರಿಯಲ್ಲೇ ಬಿಡುತ್ತಾನೆ. ಎರಡೂ ಕಚೇರಿಯವರು ‘ನಮ್ಮ ಕಡೆ ಎಲ್ಲ ಸರಿಯಿದೆ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ.

ಸಕಾಲ: ಅರ್ಜಿಗೊಂದು ನಂಬರು

ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರ್ ಕೆಟ್ಟರೆ ನೌಕರರು ದೂರು ದಾಖಲಿಸುತ್ತಾರೆ. ದೂರಿಗೆ ನಂಬರು ಸಿಗುತ್ತದೆ, ಇಷ್ಟು ಗಂಟೆಯೊಳಗೆ ಸರಿಮಾಡಬೇಕು ಎಂಬ ಗಡುವು ಇರುತ್ತದೆ. ಗಡುವು ಮೀರಿದರೆ ದೂರು ತಾನಾಗಿಯೇ ಮೇಲಿನವರಿಗೆ ಹೋಗುತ್ತದೆ. ದಿನ ಎಣಿಸುವುದು, ನೆನಪಿಸುವುದು, ಮೇಲಕ್ಕೆ ಕಳಿಸುವುದು ಮೂರೂ ಹಿನ್ನೆಲೆ ಸರ್ವಿಸ್‌ಗಳ ಕೆಲಸ.

ಇಂಥದ್ದೇ ಹಕ್ಕನ್ನು ಕರ್ನಾಟಕ ಹಳ್ಳಿಯ ಮನುಷ್ಯನಿಗೂ ಕೊಟ್ಟಿತು. ಅದೇ 2011ರ ಸಕಾಲ ಕಾಯ್ದೆ. 2012ರ ಮಾರ್ಚ್ 1ರಂದು ಔರಾದ್, ಚಿತ್ತಾಪುರ, ಧಾರವಾಡ, ಪುತ್ತೂರು ಈ ನಾಲ್ಕು ತಾಲೂಕುಗಳಲ್ಲಿ ಪ್ರಯೋಗ ಶುರುವಾಯಿತು. ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಕ್ಕೆಲ್ಲ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೂ ಆಗಲೇ.

ಅರ್ಜಿ ಕೊಟ್ಟರೆ 15 ಅಂಕಿಯ ನಂಬರಿರುವ ಸ್ವೀಕೃತಿ ಕೊಡಬೇಕು. ಪ್ರತಿ ಸೇವೆಗೂ ಇಷ್ಟು ದಿನ ಎಂದು ಕಾನೂನೇ ಹೇಳುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಅದನ್ನು ತಡಮಾಡಿದ ನೌಕರರ ಸಂಬಳದಿಂದ ಹಿಡಿಯಲು ಅವಕಾಶವಿದೆ. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಮೇಲ್ಮನವಿಗೂ ದಾರಿ ಇದೆ.

ಹಣ ದೊಡ್ಡದಲ್ಲ. ದೊಡ್ಡದು ಆ ನಂಬರು. ಫಾರಂ 7ರ ಕಾಲದಲ್ಲಿ ಸ್ವೀಕೃತಿ ಕಾಗದ ಇಟ್ಟುಕೊಂಡವರು ಗೆದ್ದಂತೆ, ಈಗ ಈ ನಂಬರು ಇದ್ದವರ ಅರ್ಜಿ ಲೆಕ್ಕದಲ್ಲಿದೆ. ನಂಬರು ಹುಟ್ಟಿದ ಮೇಲೆ ಗಡಿಯಾರ ಓಡುತ್ತದೆ.

ತೊಂದರೆ ಇರುವುದೂ ಇಲ್ಲಿಯೇ. ‘ಸರ್ವರ್ ಇಲ್ಲ, ಅರ್ಜಿ ಇಟ್ಟು ಹೋಗಿ, ಆಮೇಲೆ ಹಾಕುತ್ತೇವೆ’ ಎಂದರೆ ನಂಬರು ಹುಟ್ಟಲಿಲ್ಲ. ಗಡಿಯಾರ ಶುರುವಾಗಲಿಲ್ಲ. ನೀವು ಹತ್ತು ದಿನ ಕಾದರೂ ಸರ್ವರಿನ ಪ್ರಕಾರ ನೀವು ಇನ್ನೂ ಬಂದೇ ಇಲ್ಲ. ಆ ಹತ್ತು ದಿನದಲ್ಲಿ ಸೊಸೈಟಿಯ ಸಾಲದ ಕಂತು ಬರುತ್ತದೆ, ವಿಮೆಯ ಕೊನೆಯ ದಿನ ಹೋಗುತ್ತದೆ, ಕಾಲೇಜಿನ ಸೀಟು ಬೇರೆಯವರಿಗೆ ಹೋಗುತ್ತದೆ.

ಮಳೆಯ ಲೆಕ್ಕ ಬರೆಯುವ ಪೆಟ್ಟಿಗೆ

ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಕೆಲಸ ನಮ್ಮ ತೋಟಗಳಿಗೆ ನೇರ ಸಂಬಂಧಪಟ್ಟದ್ದು.

1988ರಲ್ಲಿ ಕರ್ನಾಟಕ ಬರಗಾಲದ ಮೇಲೆ ಕಣ್ಣಿಡಲು ಒಂದು ಘಟಕ ಮಾಡಿತು. ಈಗ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಇರುವುದು ಬೆಂಗಳೂರಿನ ಯಲಹಂಕದಲ್ಲಿ. ಈ ಕೇಂದ್ರ ಗ್ರಾಮ ಪಂಚಾಯತಿಗೊಂದರಂತೆ ಮಳೆ ಮಾಪಕ ಇಟ್ಟಿದೆ. ಸೌರಫಲಕ, ಬ್ಯಾಟರಿ, ಒಳಗೊಂದು ಸಿಮ್. ಪ್ರತಿ 15 ನಿಮಿಷಕ್ಕೆ ಮಳೆಯ ಲೆಕ್ಕ ಯಲಹಂಕದ ಸರ್ವರಿಗೆ ಹೋಗಬೇಕು. ಅಂದರೆ ದಿನಕ್ಕೆ 96 ಸಲ.

ಅಡಿಕೆ, ಕಾಳುಮೆಣಸಿಗೆ ಇರುವುದು ಹವಾಮಾನ ಆಧಾರಿತ ಬೆಳೆ ವಿಮೆ. ನಿಮ್ಮ ತೋಟಕ್ಕೆ ಕೊಳೆ ಬಂತೇ, ಕಾಯಿ ಉದುರಿತೇ ಎಂದು ಯಾರೂ ಬಂದು ನೋಡುವುದಿಲ್ಲ. ಪಂಚಾಯತಿಯ ಪೆಟ್ಟಿಗೆ ಎಷ್ಟು ಮಳೆ ಬರೆಯಿತು ಎಂಬುದೇ ಲೆಕ್ಕ.

ಈಗ ಯೋಚಿಸಿ. ಆಷಾಢದ ಮಳೆಗೆ ವಾರಗಟ್ಟಲೆ ಬಿಸಿಲಿಲ್ಲ. ಬ್ಯಾಟರಿ ಕೆಳಗೆ ಬಂತು, ಇಲ್ಲವೇ ಟವರ್ ಕೆಟ್ಟಿತು. ಪೆಟ್ಟಿಗೆ ಆರು ಗಂಟೆ ಏನೂ ಕಳಿಸಲಿಲ್ಲ. ಆ ಆರು ಗಂಟೆಯನ್ನು ಸರ್ವರ್ ಹೇಗೆ ಬರೆಯಬೇಕು? ‘ಮಾಹಿತಿ ಬಂದಿಲ್ಲ’ ಎಂದೋ, ‘ಮಳೆ ಸೊನ್ನೆ’ ಎಂದೋ? ಖಾಲಿ ಬಿಟ್ಟ ಮನೆಗೂ ಸೊನ್ನೆ ಬರೆದ ಮನೆಗೂ ಅಜಗಜಾಂತರ ವ್ಯತ್ಯಾಸವಿದೆ. ನೆಟ್‌ವರ್ಕ್ ಬಂದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಲೆಕ್ಕವನ್ನು ಹಿಂದಿನ ತಾರೀಕಿಗೆ ಸೇರಿಸಬೇಕೋ, ಅಂದಿನ ತಾರೀಕಿಗೋ? ಇವೂ ಯಾರೋ ಕೂತು ಮಾಡುವ ತೀರ್ಮಾನಗಳು. ತೋಟದ ಒಂದು ವರ್ಷದ ವಿಮೆ ಅದರ ಮೇಲೆ ನಿಂತಿರುತ್ತದೆ.

2021ರ ಜುಲೈ ಮಳೆಯನ್ನು ಯಲ್ಲಾಪುರದವರು ಮರೆಯುವುದಿಲ್ಲ. ಕಳಚೆಯಲ್ಲಿ ಗುಡ್ಡ ಕುಸಿಯಿತು, ಅರಬೈಲ್ ಘಟ್ಟದ ಹೆದ್ದಾರಿ ಬಂದ್ ಆಯಿತು. ಇಂಥ ರಾತ್ರಿಯಲ್ಲೇ ಮಳೆಯ ಲೆಕ್ಕ ಹೆಚ್ಚು ಬೇಕು, ಇಂಥ ರಾತ್ರಿಯಲ್ಲೇ ಕರೆಂಟು, ಟವರ್, ರಸ್ತೆ ಮೂರೂ ಕೈಕೊಡುತ್ತವೆ. ಆದ್ದರಿಂದ ನಮ್ಮ ಕಡೆಗೆ ಯಂತ್ರ ಹೂಡುವವರು ಒಳ್ಳೆಯ ದಿನವನ್ನಲ್ಲ, ಜುಲೈ ತಿಂಗಳನ್ನು ನೆನೆಸಿಕೊಂಡು ಹೂಡಬೇಕು.

ಹೊರಗಿನ ದಾಳಿ, ಒಳಗಿನ ಭಾರ

2023ರಲ್ಲಿ ನೋಂದಣಿ ಇಲಾಖೆ ‘ಕಾವೇರಿ 2.0’ ತಂದಿತು. 2025ರ ಆರಂಭದಲ್ಲಿ ರಾಜ್ಯದ ಉಪ ನೋಂದಣಿ ಕಚೇರಿಗಳಲ್ಲಿ ಕೆಲಸ ಕುಂಟತೊಡಗಿತು. ಇದು ಡಿಡಾಸ್ ದಾಳಿ ಎಂದು ಸರ್ಕಾರ ಹೇಳಿತು. ಋಣಭಾರ ಪತ್ರ ಹುಡುಕುವ ಭಾಗಕ್ಕೆ ಸುಳ್ಳು ಖಾತೆಗಳಿಂದ ಲಕ್ಷಗಟ್ಟಲೆ ವಿನಂತಿ ಸುರಿದಿದ್ದರು. ಒಂದೇ ಕಿಟಕಿಗೆ ಸಾವಿರ ಜನ ಸುಮ್ಮನೆ ನುಗ್ಗಿದರೆ ಕೆಲಸ ಇದ್ದವರು ಒಳಗೆ ಹೋಗಲಾಗುವುದಿಲ್ಲ. ಪೆಟ್ಟು ಬಿದ್ದದ್ದು ಒಂದು ಭಾಗಕ್ಕೆ, ನಿಂತದ್ದು ಇಡೀ ನೋಂದಣಿ.

ಭಾರ ಹೊತ್ತ ಮನುಷ್ಯರೂ ಮಾತಾಡಿದ್ದಾರೆ. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಅವರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳ ಕೆಲಸ ತಮ್ಮ ಮೇಲೆ ಬಿದ್ದಿದೆ, ಅದಕ್ಕೆ ಬೇಕಾದ ಲ್ಯಾಪ್‌ಟಾಪ್, ಸೌಕರ್ಯ ಇಲ್ಲ ಎಂಬುದು ದೂರು. ಸರ್ವರಿನಲ್ಲಿ ಓಡುವ ಸರ್ವಿಸ್‌ಗೆ ಊಟ-ನಿದ್ದೆ ಬೇಡ. ಅದಕ್ಕೆ ಮಾಹಿತಿ ತುಂಬುವ ಮನುಷ್ಯರಿಗೆ ಬೇಕು.

ಹಳೆಯ ದಾಖಲೆಗಳೂ ಈಗ ಕಂಪ್ಯೂಟರಿಗೆ ಬರುತ್ತಿವೆ. 2024ರಿಂದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಾಗದಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಇಲಿ-ಗೆದ್ದಲಿನ ಭಯ ಹೋಗುತ್ತದೆ, ಒಳ್ಳೆಯದೇ. ಇನ್ನು ಮುಂದೆ ಆ ಕಾಗದ ನಮಗೆ ಸಿಗುವುದು, ಸಿಗದಿರುವುದು ಕೂಡ ಸರ್ವಿಸ್‌ಗಳ ಕೈಯಲ್ಲಿದೆ.

ನಾವು ಏನು ಕೇಳಬೇಕು?

ಕಂಪ್ಯೂಟರ್ ಬೇಡ ಎಂದು ನಾವು ಹೇಳುತ್ತಿಲ್ಲ. ಪಹಣಿಗಾಗಿ ವಾರಗಟ್ಟಲೆ ಅಲೆದ ದಿನಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ, ಅದು ಮರಳಿ ಬರುವುದು ಬೇಡ. ಕೇಳುವುದನ್ನು ಬಿಡಬಾರದು ಎಂಬುದಷ್ಟೇ ನಮ್ಮ ಮಾತು.

‘ಸರ್ವರ್ ಇಲ್ಲ’ ಎಂದರೆ ಮೊದಲು ಕೇಳಿ: ನೆಟ್ ಇಲ್ಲವೇ, ಕರೆಂಟ್ ಇಲ್ಲವೇ, ಲಾಗಿನ್ ಆಗುತ್ತಿಲ್ಲವೇ, ಪ್ರಿಂಟ್ ಬರುತ್ತಿಲ್ಲವೇ? ನಾಲ್ಕಕ್ಕೂ ಬೇರೆಬೇರೆ ಪರಿಹಾರವಿದೆ. ಸಿಟ್ಟು ಮಾಡದೆ ಕೇಳಿದರೆ ಕಿಟಕಿಯೊಳಗಿನವರೂ ಹೇಳುತ್ತಾರೆ.

ಅರ್ಜಿಯನ್ನು ಸ್ವೀಕೃತಿ ಇಲ್ಲದೆ ಬಿಟ್ಟು ಬರಬೇಡಿ. ಸಕಾಲದ ನಂಬರು ಹುಟ್ಟಲಿಲ್ಲ ಎಂದರೆ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ತಾರೀಕು, ಸಹಿ, ಮುದ್ರೆ ಹಾಕಿಸಿಕೊಳ್ಳಿ. ಕೊನೆಯ ದಿನ ಇರುವ ಕೆಲಸಕ್ಕೆ ಇದು ತೀರಾ ಮುಖ್ಯ. ಮುಂದೆ ಮೇಲ್ಮನವಿಗೆ ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಗೆ ಹೋದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ.

ವರ್ಷಕ್ಕೆ ಒಮ್ಮೆಯಾದರೂ, ಕೆಲಸ ಇಲ್ಲದಿದ್ದರೂ, ನಿಮ್ಮ ಪಹಣಿ ನೋಡಿ. ಹೆಸರು, ಕ್ಷೇತ್ರ, ಬೆಳೆ, ಋಣದ ಕಾಲಂ ನಾಲ್ಕನ್ನೂ ಓದಿ. ಆಧಾರ್, ಫ್ರೂಟ್ಸ್, ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ನೋಡಿ.

ಪಂಚಾಯತಿಯ ಮಳೆ ಮಾಪಕ ಕೆಲಸ ಮಾಡುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಮಳೆಗಾಲ ಮುಗಿದ ಮೇಲಲ್ಲ, ಶುರುವಾಗುವ ಮೊದಲು.

ಮಾಹಿತಿ ಹಕ್ಕಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನಮ್ಮ ನಾಡಕಚೇರಿಯಲ್ಲಿ ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ, ಎಷ್ಟು ಗಂಟೆ ಸೇವೆ ನಿಂತಿತ್ತು, ಕಾರಣ ಏನು, ಯಾರಿಗೆ ದೂರು ಹೋಯಿತು, ಎಷ್ಟು ಹೊತ್ತಿಗೆ ಸರಿಯಾಯಿತು ಎಂದು ಕೇಳುವ ಹಕ್ಕು ನಮಗಿದೆ. ಯಂತ್ರಗಳು ತಾವು ಬಿದ್ದದ್ದು, ಎದ್ದದ್ದನ್ನು ತಾವೇ ಬರೆದಿಡುತ್ತವೆ. ಅದನ್ನು ‘ಲಾಗ್’ ಎನ್ನುತ್ತಾರೆ. ಅದು ಇಂದಿನ ದಫ್ತರ.

ಭೂಮಿ ಬಂದಾಗ ಪಹಣಿಯ ಪರದೆಯನ್ನು ರೈತನ ಕಡೆ ತಿರುಗಿಸಿದರು. ಸೇವೆ ಯಾಕೆ ನಿಂತಿದೆ, ಯಾವಾಗ ಶುರುವಾಗುತ್ತದೆ ಎಂಬ ಎರಡು ಸಾಲನ್ನೂ ಅದೇ ಪರದೆಯ ಮೇಲೆ ಹಾಕಿದರೆ ಸಾಕು. ಅದಕ್ಕೆ ಹೊಸ ಯೋಜನೆ ಬೇಕಿಲ್ಲ. ನಾವು ಕೇಳಬೇಕು, ಅವರು ತೋರಿಸಬೇಕು.